ಕ್ಯೂಬ್‌ಸಿಟಿಎಲ್ ಅಪ್ಲೈ: ಫೈಲಿನಲ್ಲಿ ಬರೆದದ್ದನ್ನು ಕ್ಲಸ್ಟರ್‌ಗೆ ಮುಟ್ಟಿಸುವ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಿನಲ್ಲಿ ಕಾಫಿ ಮತ್ತು ಕಾಳುಮೆಣಸಿನ ದಿನದ ಧಾರಣೆಯನ್ನು ಬೆಳೆಗಾರರ ಫೋನಿಗೆ ತೋರಿಸುವ ಒಂದು ಸಣ್ಣ ವೆಬ್ ಸೇವೆ ಇದೆ ಎಂದಿಟ್ಟುಕೊಳ್ಳಿ. ಅದರ ಹೆಸರು ‘ಧಾರಣೆ’. ಬರೆಯುವವರು ಇಬ್ಬರೋ ಮೂವರೋ. ಒಬ್ಬರು ಹಾಸನದಲ್ಲಿ, ಇನ್ನೊಬ್ಬರು ಮೂಡಿಗೆರೆಯಲ್ಲಿ. ಸೇವೆ ಓಡುವುದು ಮುಂಬೈನ ಕ್ಲೌಡ್‌ನಲ್ಲಿರುವ ಕ್ಯೂಬರ್ನೆಟಿಸ್ ಕ್ಲಸ್ಟರ್‌ನಲ್ಲಿ. ಕ್ಲಸ್ಟರ್ ಎಂದರೆ ಒಟ್ಟಿಗೆ ದುಡಿಯುವ ಕಂಪ್ಯೂಟರ್‌ಗಳ ಗುಂಪು; ಅದರಲ್ಲಿ ಪ್ರೋಗ್ರಾಂಗಳನ್ನು ಓಡಿಸಿ ನೋಡಿಕೊಳ್ಳುವ ತಂತ್ರಾಂಶ ಕ್ಯೂಬರ್ನೆಟಿಸ್, ಅದಕ್ಕೆ ಆಜ್ಞೆ ಕೊಡುವ ಸಾಧನ ಕ್ಯೂಬ್‌ಸಿಟಿಎಲ್. ಇಷ್ಟು ದೂರದಿಂದ, ಇಷ್ಟು ಕೈಗಳಿಂದ, ಒಂದೇ ಕ್ಲಸ್ಟರ್ ಅನ್ನು ಕೆಡದಂತೆ ನಡೆಸಿಕೊಂಡು ಹೋಗಬೇಕಾದರೆ ನಂಬಬಹುದಾದ ದಾರಿ ಒಂದೇ: ಏನಿರಬೇಕು ಎನ್ನುವುದನ್ನು ಫೈಲಿನಲ್ಲಿ ಬರೆದಿಡುವುದು, ‘ಕ್ಯೂಬ್‌ಸಿಟಿಎಲ್ ಅಪ್ಲೈ’ ಕಮಾಂಡ್ ಮೂಲಕ ಅದನ್ನು ಕ್ಲಸ್ಟರ್‌ಗೆ ಮುಟ್ಟಿಸುವುದು, ಬೇರೆ ಯಾವ ದಾರಿಯಿಂದಲೂ ಕ್ಲಸ್ಟರ್‌ಗೆ ಕೈ ಹಾಕದಿರುವುದು. ಮೊದಲೆರಡನ್ನು ಎಲ್ಲರೂ ಮಾಡುತ್ತಾರೆ. ಮೂರನೆಯದು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೇ ಈ ಬರಹದ ಹೆಚ್ಚಿನ ಭಾಗ ಮೀಸಲು.

ಕಮಾಂಡ್‌ಗಳನ್ನೂ ಫೀಲ್ಡ್‌ಗಳ ಹೆಸರನ್ನೂ ಇಲ್ಲಿ ಓದುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಕಮಾಂಡ್‌ಗಳೆಲ್ಲ ಸಣ್ಣಕ್ಷರ. ಎರಡು ಪದ ಕೂಡಿದ ಫೀಲ್ಡ್‌ನಲ್ಲಿ ಎರಡನೆಯ ಪದ ದೊಡ್ಡಕ್ಷರದಿಂದ ಶುರುವಾಗುತ್ತದೆ: ‘ಎಪಿಐವರ್ಷನ್’ನಲ್ಲಿ ‘ಎಪಿಐ’ ಪೂರ್ತಿ ಸಣ್ಣದು, ‘ವರ್ಷನ್’ನ ಮೊದಲ ಅಕ್ಷರ ದೊಡ್ಡದು. ‘ಕೈಂಡ್’ ಎದುರಿನ ಬೆಲೆ ಮಾತ್ರ ದೊಡ್ಡಕ್ಷರದಿಂದ ಆರಂಭ.

ಯಾವ ಕ್ಲಸ್ಟರ್ ಎದುರು ಕೂತಿದ್ದೀರಿ?

ಅಪ್ಲೈ ಎಂದು ಟೈಪ್ ಮಾಡುವ ಮೊದಲು ಪ್ರತಿಸಲವೂ ಇದನ್ನು ಓಡಿಸಿ:

ಕ್ಯೂಬ್‌ಸಿಟಿಎಲ್ ಕಾನ್ಫಿಗ್ ಕರೆಂಟ್-ಕಾಂಟೆಕ್ಸ್ಟ್

ಕ್ಯೂಬ್‌ಸಿಟಿಎಲ್ ತನ್ನ ವಿಳಾಸ, ಗುರುತಿನ ವಿವರಗಳನ್ನು ಹೋಮ್ ಡೈರೆಕ್ಟರಿಯ ‘.ಕ್ಯೂಬ್/ಕಾನ್ಫಿಗ್’ ಫೈಲಿನಿಂದ ಓದಿಕೊಳ್ಳುತ್ತದೆ. ಪರೀಕ್ಷೆಯ ಕ್ಲಸ್ಟರ್, ಜನ ಬಳಸುತ್ತಿರುವ ಕ್ಲಸ್ಟರ್ ಎರಡೂ ಒಂದೇ ಫೈಲಿನಲ್ಲಿ ಇರುತ್ತವೆ. ನಿನ್ನೆ ಸಂಜೆ ಯಾವುದಕ್ಕೆ ಬದಲಿಸಿದ್ದಿರೋ ಇವತ್ತು ಬೆಳಗ್ಗೆ ಹೊಸ ಟರ್ಮಿನಲ್ ತೆರೆದರೂ ಅದೇ ಇರುತ್ತದೆ. ಬದಲಿಸಲು ‘ಕ್ಯೂಬ್‌ಸಿಟಿಎಲ್ ಕಾನ್ಫಿಗ್ ಯೂಸ್-ಕಾಂಟೆಕ್ಸ್ಟ್’ ಎಂದು ಬರೆದು ಮುಂದೆ ಕಾಂಟೆಕ್ಸ್ಟ್‌ನ (ಯಾವ ಕ್ಲಸ್ಟರ್, ಯಾವ ಗುರುತು ಎಂಬ ಜೋಡಿಯ) ಹೆಸರು ಕೊಡಿ. ಸ್ಕ್ರಿಪ್ಟ್‌ನಲ್ಲಾದರೆ ಪ್ರತಿ ಕಮಾಂಡ್‌ಗೂ ‘--ಕಾಂಟೆಕ್ಸ್ಟ್’ ಸೇರಿಸಿಬಿಡುವುದು ಒಳ್ಳೆಯದು.

‘ಕ್ಯೂಬ್‌ಸಿಟಿಎಲ್ ವರ್ಷನ್’ ಕೊಟ್ಟು ಎರಡೂ ಕಡೆಯ ಆವೃತ್ತಿ ನೋಡಿಕೊಳ್ಳಿ. ನಿಮ್ಮ ಲ್ಯಾಪ್‌ಟಾಪಿನದು ಸರ್ವರ್‌ಗಿಂತ (ಕ್ಲಸ್ಟರ್‌ನಲ್ಲಿ ಬೇಡಿಕೆ ಸ್ವೀಕರಿಸುವ ಎಪಿಐ ಸರ್ವರ್) ಒಂದು ಮೈನರ್ ಆವೃತ್ತಿ (ಆವೃತ್ತಿ ಸಂಖ್ಯೆಯ ನಡುವಿನ ಅಂಕಿ) ಹಿಂದೆ ಅಥವಾ ಮುಂದೆ ಇರಬಹುದು, ಅದಕ್ಕಿಂತ ಹೆಚ್ಚಿನ ಅಂತರ ಬೇಡ. ಕಲಿಯುವವರು ತಮ್ಮ ಲ್ಯಾಪ್‌ಟಾಪಿನಲ್ಲೇ ಮಿನಿಕ್ಯೂಬ್ ಎಂಬ ಪುಟ್ಟ ಕ್ಲಸ್ಟರ್ ಹಾಕಿಕೊಳ್ಳಬಹುದು. ಅದಕ್ಕೆ 2 ಸಿಪಿಯು, 2 ಜಿಬಿ ಖಾಲಿ ಮೆಮೊರಿ, 20 ಜಿಬಿ ಡಿಸ್ಕ್ ಜಾಗ ಸಾಕು. ಇಲ್ಲಿ ಹೇಳಿದ ತಪ್ಪುಗಳನ್ನೆಲ್ಲ ಅಲ್ಲೇ ಬೇಕೆಂದೇ ಒಮ್ಮೆ ಮಾಡಿ ನೋಡಿ.

ಫೈಲು ಬರೆಯುವುದು

ಕ್ಲಸ್ಟರ್‌ನಲ್ಲಿ ಇಡುವ ಪ್ರತಿಯೊಂದನ್ನೂ ಇಲ್ಲಿ ವಸ್ತು ಎಂದು ಕರೆದಿದೆ. ಯಾವ ವಸ್ತುವಿನ ಫೈಲಾದರೂ ತಲೆಯಲ್ಲಿ ಮೂರು ಇರಲೇಬೇಕು: ಎಪಿಐವರ್ಷನ್, ಕೈಂಡ್, ಮೆಟಾಡೇಟಾ. ಬಹುತೇಕ ವಸ್ತುಗಳಿಗೆ ಅದರ ಕೆಳಗೆ ಸ್ಪೆಕ್ ಬರುತ್ತದೆ. ಧಾರಣೆ ಸೇವೆಯ ಡಿಪ್ಲಾಯ್‌ಮೆಂಟ್ (ಯಾವ ಪ್ರೋಗ್ರಾಂನ ಎಷ್ಟು ಪ್ರತಿಗಳು, ಅಂದರೆ ಪಾಡ್‌ಗಳು, ಓಡಬೇಕು ಎಂದು ಹೇಳುವ ವಸ್ತು) ಹೀಗಿರುತ್ತದೆ:

```
ಎಪಿಐವರ್ಷನ್: ಆಪ್ಸ್/ವಿ1
ಕೈಂಡ್: ಡಿಪ್ಲಾಯ್‌ಮೆಂಟ್
ಮೆಟಾಡೇಟಾ:
  ನೇಮ್: ಧಾರಣೆ
  ನೇಮ್‌ಸ್ಪೇಸ್: ಕಾಫಿ
ಸ್ಪೆಕ್:
  ರೆಪ್ಲಿಕಾಸ್: 3
  ಸೆಲೆಕ್ಟರ್:
    ಮ್ಯಾಚ್‌ಲೇಬಲ್ಸ್:
      ಆಪ್: ಧಾರಣೆ
  ಟೆಂಪ್ಲೇಟ್:
    ಮೆಟಾಡೇಟಾ:
      ಲೇಬಲ್ಸ್:
        ಆಪ್: ಧಾರಣೆ
    ಸ್ಪೆಕ್:
      ಕಂಟೇನರ್ಸ್:
      - ನೇಮ್: ವೆಬ್
        ಇಮೇಜ್: ರಿಜಿಸ್ಟ್ರಿ/ಧಾರಣೆ:1.4.2
        ಪೋರ್ಟ್ಸ್:
        - ಕಂಟೇನರ್‌ಪೋರ್ಟ್: 8080
        ಎನ್ವಿ:
        - ನೇಮ್: ಚೀಲ_ಕೆಜಿ
          ವ್ಯಾಲ್ಯೂ: "50"
        ರಿಸೋರ್ಸಸ್:
          ರಿಕ್ವೆಸ್ಟ್ಸ್:
            ಸಿಪಿಯು: 100ಎಂ
            ಮೆಮೊರಿ: 128ಎಂಐ
          ಲಿಮಿಟ್ಸ್:
            ಮೆಮೊರಿ: 256ಎಂಐ
        ರೆಡಿನೆಸ್‌ಪ್ರೋಬ್:
          ಎಚ್‌ಟಿಟಿಪಿಗೆಟ್:
            ಪಾತ್: /ಹೆಲ್ತ್
            ಪೋರ್ಟ್: 8080
```

ಇದರಲ್ಲಿ ಇಮೇಜ್ ಎಂದರೆ ರಿಜಿಸ್ಟ್ರಿ ಎಂಬ ಉಗ್ರಾಣದಲ್ಲಿ ಇಟ್ಟಿರುವ ಪ್ರೋಗ್ರಾಂನ ಕಟ್ಟು; ಅದು ಪಾಡ್‌ನೊಳಗೆ ಓಡುವಾಗ ಕಂಟೇನರ್. ಎಡವುವ ಜಾಗಗಳನ್ನು ಒಂದೊಂದಾಗಿ ನೋಡೋಣ. ಯಾಮಲ್ (ಮೇಲಿನ ಫೈಲಿನ ಬರವಣಿಗೆಯ ಬಗೆ) ಫೈಲಿನಲ್ಲಿ ಸಾಲು ಒಳಸರಿಸಲು ಟ್ಯಾಬ್ ಕೀ ಒತ್ತುವಂತಿಲ್ಲ, ಸ್ಪೇಸ್ ಮಾತ್ರ. ಎರಡು ಸ್ಪೇಸ್ ಇರಬೇಕಾದಲ್ಲಿ ನಾಲ್ಕಾದರೆ ಫೀಲ್ಡ್ ಬೇರೆಯವರ ಮಗನಾಗಿಬಿಡುತ್ತದೆ.

ಕಾಫಿ ಚೀಲದ ತೂಕ 50 ಕೆಜಿ. ಅದನ್ನು ಎನ್ವಿ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ) ಬೆಲೆಯಾಗಿ ಕೊಡುವಾಗ ಉದ್ಧರಣ ಚಿಹ್ನೆ ಬೇಕೇ ಬೇಕು. ಬರಿಯ 50 ಎಂದು ಬರೆದರೆ ಯಾಮಲ್ ಅದನ್ನು ಸಂಖ್ಯೆ ಎಂದು ಓದುತ್ತದೆ, ಆದರೆ ಎನ್ವಿ ಬೆಲೆ ಪಠ್ಯವೇ ಆಗಿರಬೇಕು. ಹಾಗಾಗಿ ‘ಕೆನಾಟ್ ಅನ್‌ಮಾರ್ಷಲ್ ನಂಬರ್’ ಎಂಬ ದೋಷ ಬರುತ್ತದೆ. ಟ್ರೂ, ಫಾಲ್ಸ್, ಯೆಸ್, ನೋ ಎಂಬ ಪದಗಳಿಗೂ ಇದೇ ಚಿಹ್ನೆ ಹಾಕಿ. ಇವನ್ನೂ ಹೌದು-ಇಲ್ಲ ಎಂಬ ಬೇರೆ ಜಾತಿಯ ಬೆಲೆಯಾಗಿ ಓದಿಬಿಡುತ್ತದೆ.

ಸಿಪಿಯು ಎದುರಿನ ‘100ಎಂ’ ಎಂದರೆ ಒಂದು ಕೋರ್‌ನ ಹತ್ತನೇ ಒಂದು ಭಾಗ. ಇಲ್ಲಿ ಎಂ ಸಣ್ಣಕ್ಷರ. ಮೆಮೊರಿಯಲ್ಲಿ ಎಂ ದೊಡ್ಡದು, ಐ ಸಣ್ಣದು. ಮೆಮೊರಿಗೆ ಅಪ್ಪಿತಪ್ಪಿ ಸಣ್ಣ ಎಂ ಮಾತ್ರ ಹಾಕಿದರೆ ‘128 ಮಿಲಿ ಬೈಟ್’, ಅಂದರೆ ಒಂದು ಬೈಟ್‌ಗೂ ಕಡಿಮೆ ಎಂದು ಅರ್ಥ ಮಾಡಿಕೊಳ್ಳುತ್ತದೆ. ಲಿಮಿಟ್‌ನಲ್ಲಿ ಹೀಗಾದರೆ ಕಂಟೇನರ್ ಏಳುವುದೇ ಇಲ್ಲ.

ವಸ್ತುಗಳ ಹೆಸರಿನಲ್ಲಿ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಹೈಫನ್ ಬಿಟ್ಟು ಬೇರೇನೂ ಬೇಡ. ವಸ್ತುಗಳನ್ನು ಗುರುತಿಸಲು ಅಂಟಿಸುವ ಲೇಬಲ್‌ಗಳಲ್ಲೂ ಕನ್ನಡ ಅಕ್ಷರ ನಡೆಯದು. ಆದರೆ ಅನೊಟೇಶನ್ (ವಸ್ತುವಿನ ಮೇಲಿನ ಟಿಪ್ಪಣಿ) ಬೆಲೆಯಲ್ಲಿ, ಕಾನ್ಫಿಗ್‌ಮ್ಯಾಪ್‌ನ (ಪ್ರೋಗ್ರಾಂ ಓದುವ ಹೊಂದಿಕೆಗಳನ್ನು ಇಡುವ ವಸ್ತು) ಬೆಲೆಯಲ್ಲಿ ಕನ್ನಡ ಧಾರಾಳವಾಗಿ ಬರೆಯಬಹುದು. ‘ಅರೇಬಿಕಾ ಪಾರ್ಚ್‌ಮೆಂಟ್’, ‘ರೊಬಸ್ಟಾ ಚೆರ್ರಿ’ ಎಂಬ ಪಟ್ಟಿಯ ಹೆಸರುಗಳನ್ನು ಕಾನ್ಫಿಗ್‌ಮ್ಯಾಪ್‌ನಲ್ಲಿ ಕನ್ನಡದಲ್ಲೇ ಇಡಿ. ಫೈಲು ಯುಟಿಎಫ್-8 ಆಗಿರಬೇಕು, ಅಕ್ಷರ ಯೂನಿಕೋಡ್ ಆಗಿರಬೇಕು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪಾದ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸದೆ ತಂದು ಅಂಟಿಸಿದರೆ ಅಪ್ಲೈ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಬೆಳೆಗಾರರ ಫೋನಿನಲ್ಲಿ ಮಾತ್ರ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ನೇಮ್‌ಸ್ಪೇಸ್ ಅನ್ನು, ಅಂದರೆ ವಸ್ತು ಕ್ಲಸ್ಟರ್‌ನೊಳಗಿನ ಯಾವ ವಿಭಾಗಕ್ಕೆ ಸೇರಿದ್ದು ಎಂಬುದನ್ನು, ಫೈಲಿನಲ್ಲೇ ಬರೆಯಿರಿ. ಬರೆಯದಿದ್ದರೆ ಆ ಹೊತ್ತಿನ ಕಾಂಟೆಕ್ಸ್ಟ್‌ನಲ್ಲಿ ಯಾವುದಿದೆಯೋ ಅದಕ್ಕೆ ಹೋಗುತ್ತದೆ, ಅಲ್ಲೂ ಇಲ್ಲದಿದ್ದರೆ ‘ಡೀಫಾಲ್ಟ್’ಗೆ ಬೀಳುತ್ತದೆ. ಫೈಲಿನಲ್ಲಿ ಒಂದು, ‘-ಎನ್’ ಎಂದು ಕೊಟ್ಟಿದ್ದು ಇನ್ನೊಂದು ಆದರೆ ಕ್ಯೂಬ್‌ಸಿಟಿಎಲ್ ಕೆಲಸ ಮಾಡದೆ ನಿಲ್ಲುತ್ತದೆ. ಅದು ನಿಮ್ಮ ಒಳ್ಳೆಯದಕ್ಕೇ.

ಯಾವುದೇ ಫೀಲ್ಡ್ ಬಗ್ಗೆ ಅನುಮಾನ ಬಂದರೆ ‘ಕ್ಯೂಬ್‌ಸಿಟಿಎಲ್ ಎಕ್ಸ್‌ಪ್ಲೇನ್ ಡಿಪ್ಲಾಯ್‌ಮೆಂಟ್.ಸ್ಪೆಕ್.ಸ್ಟ್ರಾಟಜಿ’ ಎಂಬಂತೆ ಕೇಳಿ. ನಿಮ್ಮ ಕ್ಲಸ್ಟರ್‌ನ ಆವೃತ್ತಿಗೆ ತಕ್ಕ ಉತ್ತರವೇ ಸಿಗುತ್ತದೆ.

ಮುಟ್ಟಿಸುವ ಮೊದಲು ನೋಡುವುದು

ಎರಡು ಕಮಾಂಡ್. ಮೊದಲನೆಯದು:

ಕ್ಯೂಬ್‌ಸಿಟಿಎಲ್ ಅಪ್ಲೈ -ಎಫ್ ಧಾರಣೆ/ --ಡ್ರೈ-ರನ್=ಸರ್ವರ್

ಇದು ಫೈಲನ್ನು ನಿಜವಾಗಿಯೇ ಸರ್ವರ್‌ಗೆ ಕಳಿಸಿ, ಅಲ್ಲಿನ ಎಲ್ಲ ತಪಾಸಣೆಗಳ ಮೂಲಕ ಹಾಯಿಸಿ, ಕೊನೆಯಲ್ಲಿ ಉಳಿಸದೆ ಬಿಡುತ್ತದೆ. ‘=ಕ್ಲೈಂಟ್’ ಎಂದು ಕೊಟ್ಟರೆ ವಸ್ತು ಸರ್ವರ್‌ನ ಆ ತಪಾಸಣೆಗಳಿಗೆ ಹೋಗುವುದೇ ಇಲ್ಲ; ಅದನ್ನು ನಂಬಿ ಮುಂದೆ ಹೋಗಬೇಡಿ. ಒಂದು ಎಚ್ಚರ: ನೇಮ್‌ಸ್ಪೇಸ್ ಕೂಡ ಇದೇ ಡೈರೆಕ್ಟರಿಯಲ್ಲಿ ಮೊದಲ ಬಾರಿ ಹುಟ್ಟಬೇಕಿದ್ದರೆ ಸರ್ವರ್ ಡ್ರೈ-ರನ್ ‘ನೇಮ್‌ಸ್ಪೇಸ್ ನಾಟ್ ಫೌಂಡ್’ ಎನ್ನುತ್ತದೆ, ಏಕೆಂದರೆ ನಿಜವಾಗಿ ಅದು ಹುಟ್ಟಿಲ್ಲ. ನೇಮ್‌ಸ್ಪೇಸ್ ಫೈಲನ್ನು ಮೊದಲೇ ಅಪ್ಲೈ ಮಾಡಿ, ಉಳಿದದ್ದನ್ನು ಪರೀಕ್ಷಿಸಿ.

ಎರಡನೆಯದು, ದಿನವೂ ಬೇಕಾಗುವುದು:

ಕ್ಯೂಬ್‌ಸಿಟಿಎಲ್ ಡಿಫ್ -ಎಫ್ ಧಾರಣೆ/

ಇಮೇಜ್ ಆವೃತ್ತಿ ಒಂದನ್ನೇ ಬದಲಿಸಿದ್ದರೆ ಹೆಚ್ಚುಕಡಿಮೆ ಇಷ್ಟೇ ಕಾಣಬೇಕು:

```
-  ಜನರೇಶನ್: 7
+  ಜನರೇಶನ್: 8
...
-        ಇಮೇಜ್: ರಿಜಿಸ್ಟ್ರಿ/ಧಾರಣೆ:1.4.2
+        ಇಮೇಜ್: ರಿಜಿಸ್ಟ್ರಿ/ಧಾರಣೆ:1.4.3
```

ಮೈನಸ್ ಈಗ ಕ್ಲಸ್ಟರ್‌ನಲ್ಲಿರುವುದು, ಪ್ಲಸ್ ಅಪ್ಲೈ ಆದ ಮೇಲೆ ಇರುವುದು. ನೀವು ಮುಟ್ಟದ ಸಾಲಿನಲ್ಲಿ ಮೈನಸ್ ಕಂಡರೆ ಅಲ್ಲೇ ನಿಲ್ಲಿ. ಮೆಮೊರಿ ಲಿಮಿಟ್ ‘512’ ಹೋಗಿ ‘256’ ಆಗುತ್ತಿದೆ ಎಂದರೆ, ಯಾರೋ ರಾತ್ರಿ ಪಾಡ್ ಬೀಳುತ್ತಿತ್ತೆಂದು ಕ್ಲಸ್ಟರ್‌ನಲ್ಲೇ ನೇರ ತಿದ್ದಿ, ಫೈಲಿಗೆ ಬರೆಯದೆ ಮಲಗಿದ್ದಾರೆ. ನೀವು ಅಪ್ಲೈ ಮಾಡಿದ ಕೂಡಲೇ ಅವರ ತಿದ್ದುಪಡಿ ಅಳಿಸಿಹೋಗಿ ಅದೇ ತೊಂದರೆ ಮರಳುತ್ತದೆ. ಮೊದಲು ಅವರಿಗೊಂದು ಫೋನ್ ಮಾಡಿ, 512 ಬೇಕೇ ಎಂದು ಕೇಳಿ, ಬೇಕಾದರೆ ಫೈಲಿಗೆ ಸೇರಿಸಿ, ಆಮೇಲೆ ಅಪ್ಲೈ.

ಸ್ಕ್ರಿಪ್ಟ್ ಬರೆಯುವವರಿಗೆ: ವ್ಯತ್ಯಾಸ ಇಲ್ಲದಿದ್ದರೆ ಡಿಫ್ 0 ಹಿಂತಿರುಗಿಸುತ್ತದೆ, ಇದ್ದರೆ 1, ದೋಷವಾದರೆ 1ಕ್ಕಿಂತ ಹೆಚ್ಚು. 1 ಬಂದರೆ ವಿಫಲ ಎಂದು ತಿಳಿದು ನಿಲ್ಲುವ ಸ್ಕ್ರಿಪ್ಟ್ ಇಲ್ಲಿ ಕೈಕೊಡುತ್ತದೆ.

ಅಪ್ಲೈ

ಕ್ಯೂಬ್‌ಸಿಟಿಎಲ್ ಅಪ್ಲೈ -ಎಫ್ ಧಾರಣೆ/

ಒಂದೇ ಫೈಲಿನ ಹೆಸರನ್ನೂ ಕೊಡಬಹುದು, ಡೈರೆಕ್ಟರಿಯನ್ನೂ ಕೊಡಬಹುದು. ಒಳಗಿನ ಡೈರೆಕ್ಟರಿಗಳೂ ಸೇರಬೇಕಾದರೆ ದೊಡ್ಡಕ್ಷರದ ‘-ಆರ್’ ಬೇಕು. ಇಲ್ಲವಾದರೆ ಮೇಲಿನ ಮಟ್ಟದವನ್ನು ಮಾತ್ರ ಓದಿ ಸುಮ್ಮನಾಗುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಕಸ್ಟಮೈಸ್ (ಒಂದೇ ಫೈಲುಗಳನ್ನು ಬೇರೆಬೇರೆ ಕಡೆಗೆ ಹೊಂದಿಸಿಕೊಡುವ ಸಾಧನ) ಬಳಸುವವರು ‘-ಎಫ್’ ಬದಲು ‘-ಕೆ’ ಕೊಡುತ್ತಾರೆ.

ಡೈರೆಕ್ಟರಿ ಕೊಟ್ಟಾಗ ಫೈಲುಗಳು ಹೆಸರಿನ ಅಕ್ಷರಕ್ರಮದಲ್ಲಿ ಹೋಗುತ್ತವೆ. ಹಾಗಾಗಿ ನೇಮ್‌ಸ್ಪೇಸ್ ಫೈಲಿನ ಹೆಸರನ್ನು 00 ಎಂದೂ, ಕಾನ್ಫಿಗ್‌ಮ್ಯಾಪ್ 10, ಡಿಪ್ಲಾಯ್‌ಮೆಂಟ್ 20, ಸರ್ವಿಸ್ (ಬಂದ ಕೋರಿಕೆಗಳನ್ನು ಪಾಡ್‌ಗಳಿಗೆ ಹಾಯಿಸುವ ವಸ್ತು) 30 ಎಂದೂ ಶುರುಮಾಡುವುದು ಹಳೆಯ, ಒಳ್ಳೆಯ ರೂಢಿ. ಡಿಪ್ಲಾಯ್‌ಮೆಂಟ್, ಕಾನ್ಫಿಗ್‌ಮ್ಯಾಪ್‌ಗಳಲ್ಲಿ ಕ್ರಮ ಹಿಂದುಮುಂದಾದರೂ ಪಾಡ್ ಸ್ವಲ್ಪ ಹೊತ್ತು ಕಾದು ಸರಿಹೋಗುತ್ತದೆ. ನೇಮ್‌ಸ್ಪೇಸ್ ಮತ್ತು ಕಸ್ಟಮ್ ರಿಸೋರ್ಸ್ ಡೆಫಿನಿಶನ್ (ಕಸ್ಟಮ್ ರಿಸೋರ್ಸ್ ಎಂಬ ಹೊಸ ಬಗೆಯ ವಸ್ತುವನ್ನು ಕ್ಲಸ್ಟರ್‌ಗೆ ಪರಿಚಯಿಸುವ ಫೈಲು) ವಿಷಯದಲ್ಲಿ ಹಾಗಲ್ಲ. ಡೆಫಿನಿಶನ್ ಸರ್ವರ್‌ಗೆ ಪೂರ್ತಿ ಗೊತ್ತಾಗುವ ಮೊದಲೇ ಆ ಬಗೆಯ ವಸ್ತು ಬಂದರೆ ‘ನೋ ಮ್ಯಾಚಸ್ ಫಾರ್ ಕೈಂಡ್’ ಎಂದು ತಿರಸ್ಕರಿಸುತ್ತದೆ. ಡೆಫಿನಿಶನ್‌ಗಳನ್ನು ಬೇರೆ ಡೈರೆಕ್ಟರಿಯಲ್ಲಿಟ್ಟು ಮೊದಲು ಕಳಿಸಿ.

ಉತ್ತರದಲ್ಲಿ ಪ್ರತಿ ವಸ್ತುವಿನ ಮುಂದೆ ಮೂರರಲ್ಲೊಂದು ಪದ ಬರುತ್ತದೆ. ‘ಕ್ರಿಯೇಟೆಡ್’ ಎಂದರೆ ಹೊಸದಾಗಿ ಹುಟ್ಟಿತು, ‘ಕಾನ್ಫಿಗರ್ಡ್’ ಎಂದರೆ ಬದಲಾಯಿತು, ‘ಅನ್‌ಚೇಂಜ್ಡ್’ ಎಂದರೆ ಬದಲಿಸಲು ಏನೂ ಇರಲಿಲ್ಲ. ಅಪ್ಲೈ ಮುಗಿದ ಕೂಡಲೇ ಇನ್ನೊಮ್ಮೆ ಅಪ್ಲೈ ಮಾಡಿ ನೋಡಿ. ಎಲ್ಲವೂ ‘ಅನ್‌ಚೇಂಜ್ಡ್’ ಆಗಬೇಕು. ಯಾವುದೋ ಒಂದು ಪ್ರತಿಸಲವೂ ‘ಕಾನ್ಫಿಗರ್ಡ್’ ಎನ್ನುತ್ತಿದ್ದರೆ ನಿಮ್ಮ ಫೈಲನ್ನೂ ಕ್ಲಸ್ಟರ್‌ನೊಳಗಿನ ಇನ್ಯಾವುದನ್ನೋ ಯಾರೋ ಜಗಳಕ್ಕೆ ಬಿಟ್ಟಿದ್ದಾರೆ ಎಂದೇ ಲೆಕ್ಕ. ಡಿಫ್ ತೆರೆದು ಯಾವ ಫೀಲ್ಡ್ ಎಂದು ಪತ್ತೆ ಮಾಡಿ.

ಮಲೆನಾಡಿನಲ್ಲಿ ಕೂತು ಕೆಲಸ ಮಾಡುವವರು ತಿಳಿದಿರಲೇಬೇಕಾದ ಒಂದು ವಿಷಯ ಇದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಅದರ ಜೊತೆಗೇ ಇಂಟರ್‌ನೆಟ್ಟೂ ಹೋಗುವುದು ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಹೊಸದಲ್ಲ. ಹತ್ತು ಫೈಲುಗಳ ಅಪ್ಲೈ ನಡುವೆ ಸಂಪರ್ಕ ಕಡಿದರೆ? ಅಪ್ಲೈ ಎನ್ನುವುದು ‘ಎಲ್ಲವೂ ಆಗಲಿ ಅಥವಾ ಯಾವುದೂ ಬೇಡ’ ಎಂಬ ಬಗೆಯ ವ್ಯವಹಾರವಲ್ಲ. ವಸ್ತುಗಳು ಒಂದೊಂದಾಗಿ ಹೋಗುತ್ತವೆ. ನಾಲ್ಕು ಮುಟ್ಟಿ ಆರು ಉಳಿದಿರಬಹುದು. ಗಾಬರಿ ಬೇಡ, ಅರ್ಧ ಆದದ್ದನ್ನು ಡಿಲೀಟ್ ಮಾಡಲು ಹೋಗಲೇಬೇಡಿ. ಲೈನ್ ಬಂದ ಮೇಲೆ ಅದೇ ಕಮಾಂಡನ್ನು ಹಾಗೇ ಮತ್ತೆ ಓಡಿಸಿ: ಮೊದಲ ನಾಲ್ಕು ‘ಅನ್‌ಚೇಂಜ್ಡ್’, ಉಳಿದ ಆರು ಹೊಸದಾಗಿ. ‘ಕ್ರಿಯೇಟ್’ ಕಮಾಂಡ್ ಆಗಿದ್ದರೆ ಇದೇ ಹೊತ್ತಿನಲ್ಲಿ ‘ಆಲ್ರೆಡಿ ಎಕ್ಸಿಸ್ಟ್ಸ್’ ಎಂದು ಮೊದಲ ನಾಲ್ಕಕ್ಕೂ ತಕರಾರು ತೆಗೆಯುತ್ತಿತ್ತು.

ಅಪ್ಲೈ ಆಯಿತು ಎಂದರೆ ಓಡಿತು ಎಂದಲ್ಲ

‘ಕಾನ್ಫಿಗರ್ಡ್’ ಎಂದರೆ ಎಪಿಐ ಸರ್ವರ್ ನಿಮ್ಮ ಬೇಡಿಕೆಯನ್ನು ಬರೆದುಕೊಂಡಿತು, ಅಷ್ಟೇ. ಪಾಡ್ ಎದ್ದಿದೆಯೋ ಇಲ್ಲವೋ ನೋಡಲು:

ಕ್ಯೂಬ್‌ಸಿಟಿಎಲ್ ರೋಲ್‌ಔಟ್ ಸ್ಟೇಟಸ್ ಡಿಪ್ಲಾಯ್‌ಮೆಂಟ್/ಧಾರಣೆ -ಎನ್ ಕಾಫಿ --ಟೈಮ್‌ಔಟ್=120ಎಸ್

ಟೈಮ್‌ಔಟ್ ಕೊಡದಿದ್ದರೆ, ಪಾಡ್ ಏಳದೇ ಇದ್ದಾಗ ಡಿಪ್ಲಾಯ್‌ಮೆಂಟ್‌ನ ಸ್ವಂತ ಗಡುವು ಮುಗಿಯುವವರೆಗೆ ಕಾಯುತ್ತೀರಿ. ಅದು ತಾನಾಗಿ 600 ಸೆಕೆಂಡ್.

ಸಮಾಧಾನದ ಸಂಗತಿ ಎಂದರೆ, ಹೊಸ ಇಮೇಜ್ ಕೆಟ್ಟಿದ್ದರೂ ಹಳೆಯ ಪಾಡ್‌ಗಳು ತಕ್ಷಣ ಹೋಗುವುದಿಲ್ಲ. ಹಂತಹಂತವಾಗಿ ಬದಲಿಸುವ ರೋಲಿಂಗ್ ಅಪ್‌ಡೇಟ್‌ನಲ್ಲಿ ಹೆಚ್ಚುವರಿ ಪಾಡ್‌ನ ಮಿತಿ ಸಹಜವಾಗಿ 25%, ಇಲ್ಲದಿರಬಹುದಾದ ಪಾಡ್‌ನ ಮಿತಿಯೂ 25%. ಮೊದಲನೆಯದನ್ನು ಮೇಲಕ್ಕೆ, ಎರಡನೆಯದನ್ನು ಕೆಳಕ್ಕೆ ಪೂರ್ಣಾಂಕ ಮಾಡುತ್ತಾರೆ. 3 ಪಾಡ್ ಇದ್ದಲ್ಲಿ 25% ಎಂದರೆ 0.75, ಅಂದರೆ ಒಂದು ಹೊಸ ಪಾಡ್ ಹೆಚ್ಚಾಗಿ ಏಳಬಹುದು, ಹಳೆಯದು ಒಂದೂ ಕಡಿಮೆಯಾಗುವಂತಿಲ್ಲ. ಹೊಸದು ರೆಡಿನೆಸ್‌ಪ್ರೋಬ್ (ಪಾಡ್ ಕೆಲಸಕ್ಕೆ ಸಿದ್ಧವೇ ಎಂಬ ತಪಾಸಣೆ) ದಾಟಿದ ಮೇಲೆಯೇ ಹಳೆಯದರ ಸರದಿ. ರೆಡಿನೆಸ್‌ಪ್ರೋಬ್ ಬರೆಯದಿದ್ದರೆ ಕಂಟೇನರ್ ಶುರುವಾದ ಕೂಡಲೇ ‘ರೆಡಿ’ ಎಂದು ತಿಳಿದು ಹಳೆಯದನ್ನು ಇಳಿಸಿಬಿಡುತ್ತದೆ. ಮೇಲಿನ ಫೈಲಿನ ಕೊನೆಯ ನಾಲ್ಕು ಸಾಲು ಅದಕ್ಕಾಗಿಯೇ. ಅವನ್ನು ಬಿಟ್ಟು ಬರೆಯಬೇಡಿ.

ಏಳದ ಪಾಡ್ ಮುಂದೆ ‘ಇಮೇಜ್‌ಪುಲ್‌ಬ್ಯಾಕ್‌ಆಫ್’ ಎಂದಿದ್ದರೆ ಇಮೇಜ್ ಹೆಸರು ಅಥವಾ ರಿಜಿಸ್ಟ್ರಿಯ ಪಾಸ್‌ವರ್ಡ್ ತಪ್ಪು. ‘ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್’ ಎಂದರೆ ಪ್ರೋಗ್ರಾಂ ಶುರುವಾಗಿ ಸಾಯುತ್ತಿದೆ. ‘ಕ್ಯೂಬ್‌ಸಿಟಿಎಲ್ ಲಾಗ್ಸ್’ಗೆ ‘--ಪ್ರೀವಿಯಸ್’ ಸೇರಿಸಿದರೆ ಸತ್ತ ಕಂಟೇನರ್ ಕೊನೆಗೆ ಏನು ಹೇಳಿತೆಂದು ಸಿಗುತ್ತದೆ. ‘ಪೆಂಡಿಂಗ್’ ಎಂದಿದ್ದರೆ ಹೆಚ್ಚಾಗಿ ಕೇಳಿದಷ್ಟು ಸಿಪಿಯು, ಮೆಮೊರಿ ಯಾವ ನೋಡ್‌ನಲ್ಲೂ (ಕ್ಲಸ್ಟರ್‌ನ ಯಾವ ಕಂಪ್ಯೂಟರಿನಲ್ಲೂ) ಉಳಿದಿಲ್ಲ. ‘ಡಿಸ್ಕ್ರೈಬ್’ನ ತಳದಲ್ಲಿ ಕಾರಣ ಬರೆದಿರುತ್ತದೆ.

ಒಳಗೆ ನಡೆಯುವುದೇನು: ಚೀಟಿಗಳ ಲೆಕ್ಕ

ಅಪ್ಲೈ ಹೇಗೆ ಯೋಚಿಸುತ್ತದೆ ಎಂಬುದು ಗೊತ್ತಾದರೆ ಅರ್ಧ ತೊಂದರೆ ಕಳೆದಂತೆ. ಬಹಳ ಜನ ಅದು ಫೈಲನ್ನೂ ಕ್ಲಸ್ಟರ್ ಅನ್ನೂ ಹೋಲಿಸುತ್ತದೆ ಎಂದುಕೊಂಡಿದ್ದಾರೆ. ಅದು ಹೋಲಿಸುವುದು ಮೂರನ್ನು: ಹೋದ ಸಲ ಅಪ್ಲೈ ಮಾಡಿದ್ದು, ಈಗಿನ ಫೈಲು, ಕ್ಲಸ್ಟರ್‌ನಲ್ಲಿ ಈಗಿರುವುದು.

ತೋಟದ ಯಜಮಾನರು ವಾರಕ್ಕೊಮ್ಮೆ ರೈಟರ್‌ಗೆ (ತೋಟದ ಗುಮಾಸ್ತರಿಗೆ) ಚೀಟಿ ಕಳಿಸುತ್ತಾರೆ. ಹೋದ ವಾರದ ಚೀಟಿಯಲ್ಲಿ ‘ಮೇಲಿನ ತೋಟಕ್ಕೆ 10 ಆಳು, ನರ್ಸರಿಗೆ 2 ಆಳು’ ಎಂದಿತ್ತು. ಈ ವಾರದ ಚೀಟಿಯಲ್ಲಿ ‘ಮೇಲಿನ ತೋಟಕ್ಕೆ 12 ಆಳು’ ಎಂದಷ್ಟೇ ಇದೆ. ರೈಟರ್ ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹೋದ ಸಲ ಇದ್ದ ನರ್ಸರಿ ಈ ಸಲ ಇಲ್ಲ. ಅಂದರೆ ಯಜಮಾನರಿಗೆ ಅದು ಬೇಡವಾಗಿದೆ, ಅಲ್ಲಿಯ ಇಬ್ಬರನ್ನು ನಿಲ್ಲಿಸಬೇಕು. ಮೇಲಿನ ತೋಟದಲ್ಲಿ ಈಗ ಎಷ್ಟೇ ಜನ ಇರಲಿ, 12 ಮಾಡಬೇಕು. ಪಂಪ್ ನೋಡಿಕೊಳ್ಳಲು ರೈಟರ್ ತಾವೇ ಒಬ್ಬನನ್ನು ಹಾಕಿಕೊಂಡಿದ್ದಾರೆ. ಅವನ ಹೆಸರು ಯಾವ ಚೀಟಿಯಲ್ಲೂ ಬಂದಿಲ್ಲ, ಹಾಗಾಗಿ ಅವನನ್ನು ಮುಟ್ಟುವಂತಿಲ್ಲ.

ಅಪ್ಲೈ ಮಾಡುವುದು ಇದನ್ನೇ. ಹೋದ ವಾರದ ಚೀಟಿಯನ್ನು ಅದು ವಸ್ತುವಿನ ಮೇಲೇ ‘ಲಾಸ್ಟ್-ಅಪ್ಲೈಡ್-ಕಾನ್ಫಿಗರೇಶನ್’ ಎಂಬ ಅನೊಟೇಶನ್‌ನಲ್ಲಿ ಅಂಟಿಸಿಟ್ಟಿರುತ್ತದೆ. ನೋಡಬೇಕಾದರೆ:

ಕ್ಯೂಬ್‌ಸಿಟಿಎಲ್ ಅಪ್ಲೈ ವ್ಯೂ-ಲಾಸ್ಟ್-ಅಪ್ಲೈಡ್ ಡಿಪ್ಲಾಯ್‌ಮೆಂಟ್/ಧಾರಣೆ -ಎನ್ ಕಾಫಿ

ಹಳೆಯ ಚೀಟಿಯಲ್ಲಿದ್ದು ಹೊಸ ಫೈಲಿನಲ್ಲಿ ಇಲ್ಲದ್ದು ಅಳಿಯುತ್ತದೆ. ಹೊಸ ಫೈಲಿನಲ್ಲಿದ್ದು ಕ್ಲಸ್ಟರ್‌ನಲ್ಲಿ ಬೇರೆಯಾಗಿರುವುದು ಫೈಲಿನಂತೆ ಆಗುತ್ತದೆ. ಎರಡು ಚೀಟಿಯಲ್ಲೂ ಇಲ್ಲದೆ ಕ್ಲಸ್ಟರ್‌ನಲ್ಲಿ ಮಾತ್ರ ಇರುವುದು ಹಾಗೇ ಉಳಿಯುತ್ತದೆ. ‘ನಾನು ಆ ಎನ್ವಿ ಸಾಲನ್ನು ಫೈಲಿನಿಂದ ತೆಗೆದೆ, ಪಾಡ್‌ನಲ್ಲಿ ಇನ್ನೂ ಇದೆಯಲ್ಲ’ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ: ಅದನ್ನು ಸೇರಿಸಿದ್ದು ಅಪ್ಲೈ ಅಲ್ಲ, ಯಾರೋ ‘ಎಡಿಟ್’ ಕಮಾಂಡ್‌ನಿಂದ ಸೇರಿಸಿದ್ದರು. ಚೀಟಿಯಲ್ಲಿ ಅದು ಎಂದೂ ಇರಲಿಲ್ಲ.

‘ಕ್ರಿಯೇಟ್’ನಿಂದ ಹುಟ್ಟಿದ ವಸ್ತುವಿಗೆ ಮೊದಲ ಬಾರಿ ಅಪ್ಲೈ ಮಾಡಿದಾಗ ಅನೊಟೇಶನ್ ಇಲ್ಲ ಎಂಬ ಎಚ್ಚರಿಕೆ ಬರುತ್ತದೆ, ತಾನೇ ಸೇರಿಸಿಕೊಳ್ಳುತ್ತದೆ. ಆ ಮೊದಲ ಸಲ ಹಳೆಯ ಚೀಟಿಯೇ ಇಲ್ಲದ್ದರಿಂದ ಯಾವುದೂ ಅಳಿಯುವುದಿಲ್ಲ ಎಂಬುದು ನೆನಪಿರಲಿ.

ಪಟ್ಟಿಗಳ ವಿಷಯ ಸ್ವಲ್ಪ ಬೇರೆ. ಕಂಟೇನರ್ಸ್, ಎನ್ವಿ ಪಟ್ಟಿಗಳು ‘ನೇಮ್’ ನೋಡಿ ಒಂದೊಂದಾಗಿ ಬೆಸೆಯುತ್ತವೆ. ಹಾಗಾಗಿ ಕಂಟೇನರ್‌ನ ಹೆಸರು ‘ವೆಬ್’ನಿಂದ ‘ಆಪ್’ ಆದರೆ ಅದು ಹೆಸರು ಬದಲಾವಣೆಯಲ್ಲ. ಒಂದನ್ನು ತೆಗೆದು ಇನ್ನೊಂದನ್ನು ಸೇರಿಸಿದ ಹಾಗೆ. ‘ಆರ್ಗ್ಸ್’, ‘ಕಮಾಂಡ್’ ಪಟ್ಟಿಗಳು ಹಾಗಲ್ಲ, ಇಡಿಯಾಗಿ ಬದಲಾಗುತ್ತವೆ. ಕಸ್ಟಮ್ ರಿಸೋರ್ಸ್‌ಗಳಲ್ಲಿ ಸಾಮಾನ್ಯ ಅಪ್ಲೈ ಎಲ್ಲ ಪಟ್ಟಿಗಳನ್ನೂ ಇಡಿಯಾಗಿಯೇ ಬದಲಿಸುತ್ತದೆ.

ಕೊಯ್ಲಿನ ಕಾಲ ಮತ್ತು ರೆಪ್ಲಿಕಾಸ್

ಕೊಯ್ಲು ಶುರುವಾದರೆ ಧಾರಣೆ ನೋಡುವವರ ಸಂಖ್ಯೆ ಏರುತ್ತದೆ. ಅದಕ್ಕೆ ಪಾಡ್‌ಗಳ ಸಂಖ್ಯೆಯನ್ನು ತಾನೇ ಏರಿಳಿಸುವ ಎಚ್‌ಪಿಎ ಹಾಕುತ್ತೀರಿ: ಕನಿಷ್ಠ 3, ಗರಿಷ್ಠ 10. ಬೆಳಗ್ಗೆ ಅದು 8ಕ್ಕೆ ಏರಿಸಿದೆ. ಫೈಲಿನಲ್ಲಿ ಮಾತ್ರ ‘ರೆಪ್ಲಿಕಾಸ್: 3’ ಹಾಗೇ ಇದೆ. ನೀವು ಒಂದು ಸಣ್ಣ ತಿದ್ದುಪಡಿ ಅಪ್ಲೈ ಮಾಡುತ್ತೀರಿ; ಎಂಟಿದ್ದದ್ದು ಮೂರಾಗುತ್ತದೆ, ಸೇವೆ ತಿಣುಕುತ್ತದೆ, ಎಚ್‌ಪಿಎ ಮತ್ತೆ ಏರಿಸಬೇಕು.

ಹಾಗಾದರೆ ಫೈಲಿನಿಂದ ಆ ಸಾಲು ತೆಗೆದುಬಿಡೋಣ ಎಂದು ತೆಗೆದರೆ ಇನ್ನೂ ಕೆಟ್ಟದ್ದು. ಹಳೆಯ ಚೀಟಿಯಲ್ಲಿದೆ, ಹೊಸದರಲ್ಲಿಲ್ಲ, ಅಂದರೆ ಅಳಿಸಬೇಕು. ಅಳಿಸಿದರೆ ರೆಪ್ಲಿಕಾಸ್‌ನ ಸಹಜ ಬೆಲೆ 1. ಎಂಟಿದ್ದದ್ದು ಒಂದಾಗುತ್ತದೆ.

ಸರಿಯಾದ ಕ್ರಮ: ಮೊದಲು ಹಳೆಯ ಚೀಟಿಯಿಂದ ಅಳಿಸಿ.

ಕ್ಯೂಬ್‌ಸಿಟಿಎಲ್ ಅಪ್ಲೈ ಎಡಿಟ್-ಲಾಸ್ಟ್-ಅಪ್ಲೈಡ್ ಡಿಪ್ಲಾಯ್‌ಮೆಂಟ್/ಧಾರಣೆ -ಎನ್ ಕಾಫಿ

ಎಡಿಟರ್ ತೆರೆಯುತ್ತದೆ, ‘ರೆಪ್ಲಿಕಾಸ್’ ಸಾಲು ತೆಗೆದು ಉಳಿಸಿ. ಇದು ಅನೊಟೇಶನ್ ಒಂದನ್ನೇ ತಿದ್ದುತ್ತದೆ, ಓಡುತ್ತಿರುವ ಪಾಡ್‌ಗಳ ತಂಟೆಗೆ ಹೋಗುವುದಿಲ್ಲ. ಆಮೇಲೆ ಫೈಲಿನಿಂದಲೂ ಆ ಸಾಲು ತೆಗೆಯಿರಿ, ಡಿಫ್ ನೋಡಿ, ಅಪ್ಲೈ ಮಾಡಿ. ಈಗ ರೆಪ್ಲಿಕಾಸ್ ಎರಡೂ ಚೀಟಿಯಲ್ಲಿಲ್ಲ. ಪಂಪಿನವನ ಹಾಗೆ ಅದು ಎಚ್‌ಪಿಎ ಪಾಲಿಗೆ ಉಳಿಯಿತು. ಈ ಕೆಲಸವನ್ನು ನವೆಂಬರ್‌ಗೆ ಮೊದಲೇ, ಮಳೆಗಾಲದ ಬಿಡುವಿನಲ್ಲಿ ಮುಗಿಸಿಕೊಳ್ಳಿ.

ಸರ್ವರ್-ಸೈಡ್ ಅಪ್ಲೈ

ಚೀಟಿಯ ಪದ್ಧತಿಗೆ ಎರಡು ಮಿತಿ. ಒಂದು, ಒಂದು ವಸ್ತುವಿನ ಅನೊಟೇಶನ್‌ಗಳ ಒಟ್ಟು ಗಾತ್ರ 2,62,144 ಬೈಟ್ ಮೀರುವಂತಿಲ್ಲ. ದೊಡ್ಡ ಕಾನ್ಫಿಗ್‌ಮ್ಯಾಪ್, ದೊಡ್ಡ ಡೆಫಿನಿಶನ್‌ಗಳಲ್ಲಿ ‘ಟೂ ಲಾಂಗ್’ ಎಂಬ ದೋಷ ಇದರಿಂದಲೇ. ಎರಡು, ಯಾವ ಫೀಲ್ಡ್ ಯಾರದು ಎಂಬ ಲೆಕ್ಕ ಅದರಲ್ಲಿ ಇಲ್ಲ. ಇವೆರಡಕ್ಕೂ ಉತ್ತರವಾಗಿ ಬಂದದ್ದು ‘--ಸರ್ವರ್-ಸೈಡ್’. 2021ರಲ್ಲಿ ಬಂದ 1.22ನೇ ಆವೃತ್ತಿಯಿಂದ ಅದು ಸ್ಥಿರ ಸೌಲಭ್ಯ.

ಇಲ್ಲಿ ಲೆಕ್ಕ ಇಡುವುದು ಸರ್ವರ್. ಪ್ರತಿ ಫೀಲ್ಡ್‌ಗೂ ಅದರ ಯಜಮಾನ ಯಾರೆಂದು ‘ಮ್ಯಾನೇಜ್ಡ್‌ಫೀಲ್ಡ್ಸ್’ನಲ್ಲಿ ಬರೆದಿಡುತ್ತದೆ. ಬೇರೆಯವರ ಫೀಲ್ಡ್‌ಗೆ ನೀವು ಬೇರೆ ಬೆಲೆ ಕೊಟ್ಟರೆ ‘ಕಾನ್‌ಫ್ಲಿಕ್ಟ್’ ಎಂದು ನಿಲ್ಲಿಸಿ, ಯಾರ ಜೊತೆ, ಯಾವ ಫೀಲ್ಡ್ ಎಂದು ಹೇಳುತ್ತದೆ. ಮೇಲಿನ ರೆಪ್ಲಿಕಾಸ್ ಪ್ರಸಂಗದಲ್ಲಿ ಸದ್ದಿಲ್ಲದೆ 3ಕ್ಕೆ ಇಳಿಸುವ ಬದಲು ತಡೆದು ಕೇಳುತ್ತಿತ್ತು. ‘--ಫೋರ್ಸ್-ಕಾನ್‌ಫ್ಲಿಕ್ಟ್ಸ್’ ಕೊಟ್ಟರೆ ಯಜಮಾನಿಕೆ ಕಿತ್ತುಕೊಳ್ಳಬಹುದು. ಸಂದೇಶ ಓದದೆ ಅದನ್ನು ಸೇರಿಸುವ ಅಭ್ಯಾಸ ಮಾಡಿಕೊಂಡರೆ ಈ ಪದ್ಧತಿಯ ಲಾಭವೇ ಹೋಯಿತು. ಹೊಸದಾಗಿ ಶುರುಮಾಡುವ ತಂಡ ಮೊದಲ ದಿನದಿಂದಲೇ ಸರ್ವರ್-ಸೈಡ್ ಬಳಸಲಿ ಎಂಬುದು ನಮ್ಮ ಅಭಿಪ್ರಾಯ. ಹಾಸನದವರು ಒಂದು ಬಗೆ, ಮೂಡಿಗೆರೆಯವರು ಇನ್ನೊಂದು ಬಗೆ ಎಂದು ಬೆರೆಸುವುದು ಬೇಡ.

ಕಾನ್ಫಿಗ್‌ಮ್ಯಾಪ್ ಬದಲಾಯಿತು, ಪುಟ ಬದಲಾಗಲಿಲ್ಲ

ಕಾನ್ಫಿಗ್‌ಮ್ಯಾಪ್ ಅಪ್ಲೈ ಆಗಿ ‘ಕಾನ್ಫಿಗರ್ಡ್’ ಎಂದಿದೆ, ಸೇವೆ ಮಾತ್ರ ಹಳೆಯದನ್ನೇ ತೋರಿಸುತ್ತಿದೆ. ಎನ್ವಿ ಮೂಲಕ ಓದಿದ ಬೆಲೆ ಪಾಡ್ ಹುಟ್ಟುವಾಗ ಒಮ್ಮೆ ಮಾತ್ರ ಹೋಗುತ್ತದೆ. ವಾಲ್ಯೂಮ್ ಆಗಿ, ಅಂದರೆ ಪಾಡ್‌ನೊಳಗೆ ಫೈಲಾಗಿ, ಜೋಡಿಸಿದ್ದರೆ ಸ್ವಲ್ಪ ಹೊತ್ತಿನಲ್ಲಿ ಫೈಲು ತಾನೇ ಬದಲಾಗುತ್ತದೆ, ಆದರೆ ‘ಸಬ್‌ಪಾತ್’ನಿಂದ ಜೋಡಿಸಿದ್ದರೆ ಬದಲಾಗದು. ಕೈಯಿಂದ ಮಾಡುವುದಾದರೆ ‘ಕ್ಯೂಬ್‌ಸಿಟಿಎಲ್ ರೋಲ್‌ಔಟ್ ರೀಸ್ಟಾರ್ಟ್ ಡಿಪ್ಲಾಯ್‌ಮೆಂಟ್/ಧಾರಣೆ -ಎನ್ ಕಾಫಿ’. ಕಸ್ಟಮೈಸ್‌ನ ಕಾನ್ಫಿಗ್‌ಮ್ಯಾಪ್ ಜನರೇಟರ್ ಬಳಸಿದರೆ ಒಳಗಿನ ಪಠ್ಯ ಬದಲಾದಂತೆ ಹೆಸರಿನ ಬಾಲವೂ ಬದಲಾಗಿ ಪಾಡ್‌ಗಳು ತಾವೇ ಹೊಸದಾಗಿ ಏಳುತ್ತವೆ.

ಇಮೇಜ್‌ಗೆ ‘ಲೇಟೆಸ್ಟ್’ ಎಂಬ ಟ್ಯಾಗ್ ಹಾಕಿದವರಿಗೂ ಇದೇ ಗತಿ. ರಿಜಿಸ್ಟ್ರಿಯಲ್ಲಿ ಹೊಸ ಇಮೇಜ್ ಇದೆ, ಫೈಲಿನಲ್ಲಿ ಅಕ್ಷರ ಬದಲಾಗಿಲ್ಲ, ಅಪ್ಲೈ ‘ಅನ್‌ಚೇಂಜ್ಡ್’ ಎನ್ನುತ್ತದೆ. 1.4.3 ಎಂದು ಸ್ಪಷ್ಟ ಸಂಖ್ಯೆ ಕೊಡಿ.

ಸೀಕ್ರೆಟ್‌ಗಳನ್ನು (ಪಾಸ್‌ವರ್ಡ್‌ನಂಥ ಗುಟ್ಟು ಇಡುವ ವಸ್ತುಗಳು) ಗಿಟ್‌ಗೆ (ಫೈಲುಗಳ ಬದಲಾವಣೆಯ ಲೆಕ್ಕ ಇಡುವ ಸಾಧನ) ಹಾಕಬೇಡಿ. ಬೇಸ್64 ಎನ್ನುವುದು ಬೀಗವಲ್ಲ, ಬರೀ ಬರವಣಿಗೆಯ ಬಗೆ. ಯಾರು ಬೇಕಾದರೂ ತಿರುಗಿಸಿ ಓದಬಹುದು. ‘ಎಕೊ’ದಿಂದ ಬೇಸ್64 ಮಾಡುವಾಗ ‘-ಎನ್’ ಮರೆತರೆ ಪಾಸ್‌ವರ್ಡ್ ಕೊನೆಗೆ ಒಂದು ಹೊಸ ಸಾಲಿನ ಅಕ್ಷರ ಸೇರಿ, ಡೇಟಾಬೇಸ್ ‘ಪಾಸ್‌ವರ್ಡ್ ತಪ್ಪು’ ಎನ್ನುತ್ತದೆ.

ತಿರಸ್ಕಾರಗಳು

‘ಫೀಲ್ಡ್ ಈಸ್ ಇಮ್ಯೂಟಬಲ್’ ಎಂದರೆ ಆ ಫೀಲ್ಡ್ ಹುಟ್ಟಿದ ಮೇಲೆ ಬದಲಾಗದು. ಡಿಪ್ಲಾಯ್‌ಮೆಂಟ್‌ನ ಸೆಲೆಕ್ಟರ್ (ತನ್ನ ಪಾಡ್‌ಗಳನ್ನು ಲೇಬಲ್‌ನಿಂದ ಗುರುತಿಸುವ ಭಾಗ), ಜಾಬ್‌ನ (ಓಡಿ ಮುಗಿಯುವ ಕೆಲಸದ ವಸ್ತು) ಟೆಂಪ್ಲೇಟ್ ಇದಕ್ಕೆ ಸೇರುತ್ತವೆ. ಜಾಬ್ ಆದರೆ ಅಳಿಸಿ ಮತ್ತೆ ಅಪ್ಲೈ ಮಾಡಿ. ಡಿಪ್ಲಾಯ್‌ಮೆಂಟ್ ಆದರೆ ಬೇರೆ ಹೆಸರಿನಲ್ಲಿ, ಹಳೆಯ ಪಾಡ್‌ಗಳ ಮೇಲೆ ಬೀಳದ ಸೆಲೆಕ್ಟರ್‌ನೊಂದಿಗೆ ಹೊಸದು ಎಬ್ಬಿಸಿ, ಅದು ‘ರೆಡಿ’ ಆದ ಮೇಲೆ ಸರ್ವಿಸ್ ಅನ್ನು ಅದರ ಕಡೆ ತಿರುಗಿಸಿ, ಕೊನೆಗೆ ಹಳೆಯದನ್ನು ತೆಗೆಯಿರಿ.

‘ದಿ ಆಬ್ಜೆಕ್ಟ್ ಹ್ಯಾಸ್ ಬೀನ್ ಮಾಡಿಫೈಡ್’ ಎಂದು ಬಂದರೆ ನಿಮ್ಮ ಫೈಲಿನಲ್ಲಿ ‘ರಿಸೋರ್ಸ್‌ವರ್ಷನ್’ ಸಾಲು ಇದೆಯೇ ನೋಡಿ. ‘ಗೆಟ್ -ಒ ಯಾಮಲ್’ನ ಫಲಿತಾಂಶವನ್ನೇ ಫೈಲಾಗಿ ಉಳಿಸಿಕೊಂಡವರಿಗೆ ಇದು ಬರುತ್ತದೆ. ರಿಸೋರ್ಸ್‌ವರ್ಷನ್, ಯುಐಡಿ, ಕ್ರಿಯೇಶನ್‌ಟೈಮ್‌ಸ್ಟ್ಯಾಂಪ್, ಮ್ಯಾನೇಜ್ಡ್‌ಫೀಲ್ಡ್ಸ್, ಇಡೀ ಸ್ಟೇಟಸ್ ಭಾಗ ತೆಗೆದುಹಾಕಿ.

‘ಫಾರ್ಬಿಡನ್’ ಎಂದರೆ ಅನುಮತಿ ಇಲ್ಲ. ‘ಕ್ಯೂಬ್‌ಸಿಟಿಎಲ್ ಆತ್ ಕ್ಯಾನ್-ಐ ಪ್ಯಾಚ್ ಡಿಪ್ಲಾಯ್‌ಮೆಂಟ್ಸ್ -ಎನ್ ಕಾಫಿ’ ಎಂದು ಕೇಳಿದರೆ ಯೆಸ್ ಅಥವಾ ನೋ ಎಂದು ಉತ್ತರಿಸುತ್ತದೆ. ಅಪ್ಲೈಗೆ ಗೆಟ್, ಕ್ರಿಯೇಟ್, ಪ್ಯಾಚ್ ಮೂರೂ ಬೇಕು.

ಹಿಂದಕ್ಕೆ ಹೋಗುವುದು, ತೆಗೆದುಹಾಕುವುದು

‘ಕ್ಯೂಬ್‌ಸಿಟಿಎಲ್ ರೋಲ್‌ಔಟ್ ಅನ್‌ಡೂ’ ಹಳೆಯ ಆವೃತ್ತಿಗೆ ತಕ್ಷಣ ಮರಳಿಸುತ್ತದೆ. ಹಿಂದಿನ 10 ಆವೃತ್ತಿಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಬೆಂಕಿ ಬಿದ್ದ ಹೊತ್ತಿಗೆ ಬಳಸಿ. ಆದರೆ ಫೈಲಿನಲ್ಲಿ ಇನ್ನೂ ಕೆಟ್ಟ 1.4.3 ಕೂತಿದೆ, ಮುಂದಿನ ಅಪ್ಲೈ ಅದನ್ನೇ ಮರಳಿ ತರುತ್ತದೆ. ಅನ್‌ಡೂ ಮಾಡಿದ ಕೂಡಲೇ ಗಿಟ್‌ನಲ್ಲೂ ಹಿಂತೆಗೆದು, ಡಿಫ್ ಖಾಲಿ ಬರುವವರೆಗೆ ಎದ್ದೇಳಬೇಡಿ.

ಡೈರೆಕ್ಟರಿಯಿಂದ ಫೈಲು ಅಳಿಸಿದ ಮಾತ್ರಕ್ಕೆ ಕ್ಲಸ್ಟರ್‌ನಲ್ಲಿರುವ ವಸ್ತು ಹೋಗುವುದಿಲ್ಲ. ಮೊದಲು ‘ಕ್ಯೂಬ್‌ಸಿಟಿಎಲ್ ಡಿಲೀಟ್ -ಎಫ್’ ಎಂದು ಆ ಫೈಲಿನ ಹೆಸರು ಕೊಟ್ಟು ತೆಗೆಯಿರಿ, ಆಮೇಲೆ ಫೈಲು ಅಳಿಸಿ. ‘--ಪ್ರೂನ್’ ಇದನ್ನು ತಾನೇ ಮಾಡುತ್ತದೆ, ಆದರೆ ಲೇಬಲ್ ಸೆಲೆಕ್ಟರ್ ಸ್ವಲ್ಪ ತಪ್ಪಿದರೂ ಬೇಕಾದದ್ದನ್ನೇ ಕಿತ್ತುಹಾಕುತ್ತದೆ. ಸಣ್ಣ ತಂಡಕ್ಕೆ ಅದರ ಅಗತ್ಯವಿಲ್ಲ.

ಡಿಲೀಟ್‌ಗೆ ಎಂದೂ ಡೈರೆಕ್ಟರಿ ಹೆಸರು ಕೊಡಬೇಡಿ. ಅದರಲ್ಲಿ 00 ಎಂದು ಶುರುವಾಗುವ ನೇಮ್‌ಸ್ಪೇಸ್ ಫೈಲೂ ಇದೆ. ನೇಮ್‌ಸ್ಪೇಸ್ ಹೋದರೆ ಅದರೊಳಗಿನ ಎಲ್ಲವೂ ಹೋಗುತ್ತದೆ, ನಿಮ್ಮ ಫೈಲುಗಳಲ್ಲಿ ಇಲ್ಲದ್ದೂ ಸೇರಿ. ಡೇಟಾಬೇಸ್‌ನ ವಾಲ್ಯೂಮ್ ಕ್ಲೇಮ್ (ಡಿಸ್ಕ್ ಜಾಗದ ಬೇಡಿಕೆ) ಅಲ್ಲೇ ಇದ್ದರೆ ಅದೂ ಹೋಗುತ್ತದೆ. ಕ್ಲೌಡ್‌ನಲ್ಲಿ ತಾನಾಗಿ ಹುಟ್ಟಿದ ಡಿಸ್ಕ್‌ಗೆ ರಿಕ್ಲೇಮ್ ಪಾಲಿಸಿ (ಕ್ಲೇಮ್ ಹೋದ ಮೇಲೆ ಡಿಸ್ಕ್ ಏನಾಗಬೇಕು ಎಂಬ ನಿಯಮ) ಸಹಜವಾಗಿ ‘ಡಿಲೀಟ್’ ಎಂದೇ ಇರುವುದರಿಂದ ಅದರ ಬೆನ್ನಿಗೇ ಡಿಸ್ಕ್ ಕೂಡ ಅಳಿಯುತ್ತದೆ. ಆ ಡಿಸ್ಕ್‌ನ ಪಾಲಿಸಿಯನ್ನು ‘ರಿಟೇನ್’ ಮಾಡಿಡಿ, ನೇಮ್‌ಸ್ಪೇಸ್ ಫೈಲನ್ನು ಬೇರೆ ಡೈರೆಕ್ಟರಿಗೆ ಸರಿಸಿ.